ಮಧ್ಯಾಹ್ನದ ಪೈಲಟ್

ಕಲಬುರಗಿಯಲ್ಲಿ ಅಬ್ಬಾ ಅವರದೊಂದು ಸಣ್ಣ ಹೋಟೆಲ್ ಇದೆ. ಅಲ್ಲಿನ ದೊಡ್ಡ ಒಲೆಯ ಪಕ್ಕ ಕಿರುಬೆರಳಿನಷ್ಟು ಜ್ವಾಲೆ ದಿನವಿಡೀ ಉರಿಯುತ್ತಿರುತ್ತದೆ. ಅದೇ ಪೈಲಟ್. ಅದಿದ್ದರೆ ಸಲಸಲಕ್ಕೂ ಕಡ್ಡಿ ಗೀರಬೇಕಿಲ್ಲ.

ಕಳೆದ ಏಪ್ರಿಲ್ ರಜೆಯಲ್ಲಿ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿಗಳೇ ಇಲ್ಲ. "ಅಬ್ಬಾ, ಈಗಲಾದರೂ ಪೈಲಟ್ ಆರಿಸೋಣ. ಮೊದಲೇ ಧಗೆ, ಗ್ಯಾಸೂ ದಂಡ" ಅಂದೆ.

"ಆರಿದ್ದು ಗೊತ್ತಿಲ್ಲದೆ ಯಾರಾದರೂ ಒಲೆಯ ವಾಲ್ವ್ ತಿರುಗಿಸಿದರೆ? ಬೆಂಕಿ ಕಣ್ಣಿಗೆ ಕಾಣ್ತಿರಲಿ ಬೇಟಾ" ಅಂದರು.

ಒಂದು ದಿನ ಅಡುಗೆಯ ಚಾಚಾ ಒಲೆಯ ಹತ್ತಿರ ನೆಲದ ಮೇಲೆ ಬೆವರುತ್ತಾ ಮಲಗಿದ್ದರು. ಪಾಪ ಅನಿಸಿ ಟೇಬಲ್ ಫ್ಯಾನ್ ಅವರತ್ತ ತಿರುಗಿಸಿ ಬಂದೆ. ಸ್ವಲ್ಪ ಹೊತ್ತಿಗೆ ವಾಸನೆ. ಗಾಳಿಗೆ ಪೈಲಟ್ ಆರಿತ್ತು, ಗ್ಯಾಸ್ ಬರುತ್ತಲೇ ಇತ್ತು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಅಬ್ಬಾ "ಸ್ವಿಚ್ ಮುಟ್ಟಬೇಡ" ಎಂದು ಕೂಗಿ ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದರು. ನಾನು ಚಾಚಾರನ್ನು ಎಬ್ಬಿಸಿ ಹೊರಗೆ ಎಳೆದುಕೊಂಡು ಬಂದೆ.

ಈಗ ಮೂರಕ್ಕೆ ಪೈಲಟ್ ವಾಲ್ವ್, ಸಿಲಿಂಡರ್ ಎರಡೂ ಬಂದ್. ಐದಕ್ಕೆ ಹಚ್ಚುವವರು ಚಾಚಾ ಒಬ್ಬರೇ. ಕಡ್ಡಿಪೆಟ್ಟಿಗೆ ಅವರ ಜೇಬಿನಲ್ಲಿ.

ಫ್ಯಾನ್ ತಿರುಗಿಸಿದ್ದು ನಾನೇ ಎಂದು ಅಬ್ಬಾರಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆಯನ್ನು ಮನೆಗೆ ಒಯ್ಯಬೇಕು.