ಎಣಿಕೆ ಮುಗಿದ ಮೇಲೆ

ಬಸವನ ಬಾಗೇವಾಡಿಯಲ್ಲಿ ಕುಳಿತು ಇಂಗ್ಲೆಂಡಿನ ರಾಜಕಾರಣದ ವಿಷಯ ಬರೆಯಲು ಈ ಮಠದ ಪಂಡಿತನಿಗೆ ಏನು ಅಧಿಕಾರವೆಂದು ಓದುಗ ಬಂಧುಗಳು ಕೇಳಬಹುದು. ನನ್ನ ಲಿಂಗೈಕ್ಯ ಅಣ್ಣನವರ ಇಬ್ಬರು ಮಕ್ಕಳೂ ಆ ದೇಶದಲ್ಲಿ ನೆಲೆಸಿದ್ದಾರೆ. ಹಿರಿಯಳಾದ ಮಗಳು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಳೆ. ಅವಳ ಯಜಮಾನರು ಅಲ್ಲಿ ವೈದ್ಯರು. ಕಿರಿಯವನು ಲಂಡನ್ನಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. 2016ರ ಜೂನ್ 23ರಂದು ಅಲ್ಲಿ ನಡೆದ ಜನಮತಗಣನೆಯ ನಂತರ ಈ ಅಕ್ಕ-ತಮ್ಮಂದಿರ ನಡುವೆ ಮೂರು ವರ್ಷಗಳ ಕಾಲ ಮಾತು ನಿಂತುಹೋಗಿತ್ತು. ಅದರಲ್ಲಿ ನನ್ನ ತಪ್ಪಿನ ಪಾಲೂ ಇದೆ. ಅದನ್ನು ಹೇಳಿಕೊಳ್ಳಲೆಂದೇ ಈ ಬರಹ.

ಬ್ರಿಟನ್ ದೇಶವು ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಅದನ್ನು ಬಿಡಬೇಕೋ ಎಂಬುದು ಅಂದು ಜನರ ಮುಂದಿಟ್ಟ ಪ್ರಶ್ನೆ. ಬಿಡಬೇಕೆಂದವರು 1,74,10,742, ಉಳಿಯಬೇಕೆಂದವರು 1,61,41,241. ನೂರಕ್ಕೆ ಐವತ್ತೆರಡು ಮತ್ತು ನಲವತ್ತೆಂಟು ಎಂದು ಎಲ್ಲರೂ ಹೇಳುವುದು ಇದನ್ನೇ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿ ಅಲ್ಲಿ ವಾಸಿಸುವವರಿಗೂ ಮತದ ಹಕ್ಕಿದ್ದುದರಿಂದ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಮ್ಮ ಹುಡುಗ ಮತ ಹಾಕಿದನು. ಅವನ ಪಕ್ಕದ ಮೇಜಿನ ಇಟಲಿಯವನಿಗೆ ಆ ಹಕ್ಕಿರಲಿಲ್ಲ. ತಮ್ಮ ಉಳಿಯಬೇಕೆಂದನು, ಅಕ್ಕ ಬಿಡಬೇಕೆಂದಳು. ಫಲಿತಾಂಶದ ದಿನವೇ ದೂರವಾಣಿಯಲ್ಲಿ ಇಬ್ಬರಿಗೂ ಜಗಳವಾಯಿತು. "ಬಣ್ಣ ನೋಡಿ ಬೈಯೋರ ಕೂಡ ಅಕ್ಕ ನಿಂತಾಳ್ರಿ ಕಾಕಾ" ಎಂದು ಅವನು ನನ್ನೊಡನೆ ಅತ್ತುಕೊಂಡನು. ಅವನ ಅಂಜಿಕೆ ಸುಳ್ಳಾಗಿರಲಿಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ ದ್ವೇಷಾಪರಾಧಗಳ ದಾಖಲೆ ಹಿಂದಿನ ಜುಲೈಗಿಂತ ಶೇಕಡಾ 41ರಷ್ಟು ಹೆಚ್ಚಿತ್ತೆಂದು ಅಲ್ಲಿಯ ಸರ್ಕಾರವೇ ಪ್ರಕಟಿಸಿತು.

ನಮ್ಮ ಭಾಷೆಯಲ್ಲಿ 'ಮತ' ಎಂಬ ಶಬ್ದಕ್ಕೆ ಅಭಿಪ್ರಾಯವೆಂಬ ಅರ್ಥವಿದೆ, ಪಂಥವೆಂಬ ಅರ್ಥವಿದೆ, ಪೆಟ್ಟಿಗೆಗೆ ಹಾಕುವ ಚೀಟಿಯೆಂಬ ಅರ್ಥವೂ ಇದೆ. ಮೂರನ್ನೂ ಒಂದೇ ಶಬ್ದ ಹೊತ್ತಿರುವುದರಿಂದ ಚೀಟಿಯನ್ನು ಎಣಿಸಿದೊಡನೆ ಅಭಿಪ್ರಾಯವೂ ತಿಳಿಯಿತೆಂಬ ಭ್ರಾಂತಿ ನಮಗುಂಟಾಗುತ್ತದೆ. ಒಬ್ಬನು ಚೀಟಿಯ ಮೇಲೆ ಗುರುತು ಹಾಕಿದ್ದು ಏಕೆಂಬುದು ಎಣಿಸುವವನ ಕೈಗೆ ಸಿಗುವುದಿಲ್ಲ. ಆ ತೆರಪನ್ನು ಮಿಕ್ಕವರು ತಮ್ಮ ಊಹೆಯಿಂದ ತುಂಬಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಆಮೇಲೆ ನಡೆದದ್ದೆಲ್ಲ ಇದೇ. ಸೋತವರನ್ನು ದೇಶದ್ರೋಹಿಗಳೆಂದರು, ಗೆದ್ದವರನ್ನು ಮೂಢರೆಂದರು. ಸಂಸತ್ತಿನ ಒಪ್ಪಿಗೆ ಬೇಕೆಂದು ತೀರ್ಪಿತ್ತ ನ್ಯಾಯಾಧೀಶರನ್ನು ಜನರ ಶತ್ರುಗಳೆಂದು ಒಂದು ಪತ್ರಿಕೆ ಮುಖಪುಟದಲ್ಲೇ ಅಚ್ಚು ಹಾಕಿತು.

2018ರ ಅಕ್ಟೋಬರದಲ್ಲಿ ಮೊಮ್ಮಗಳ ನಾಮಕರಣಕ್ಕೆಂದು ನಾನು ಲಂಡನ್ನಿಗೆ ಹೋಗಿದ್ದೆನು. ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಆ ಸಮಾರಂಭಕ್ಕೆ ಅವಳು ಬರಲಿಲ್ಲ. ಮರುವಾರ, 20ನೆಯ ತಾರೀಖು, ಹುಡುಗನು ನನ್ನನ್ನು ಥೇಮ್ಸ್ ನದಿಯ ದಂಡೆಗೆ ಕರೆದೊಯ್ದನು. ಅಲ್ಲಿ ಲ್ಯಾಂಬೆತ್ ಭಾಗದಲ್ಲಿ, ಸಂಸತ್ ಭವನದಿಂದ ಅನತಿ ದೂರದಲ್ಲಿ ಹೊಳೆಯ ಆಚೆ ದಡದ ಮೇಲೆ, 2015ರ ನವೆಂಬರ್ 14ರಂದು ನಮ್ಮ ಪ್ರಧಾನಮಂತ್ರಿಗಳು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆಯಿದೆ. ನಮ್ಮೂರಿನಲ್ಲಿ ಹುಟ್ಟಿದ ಅಣ್ಣನು ಅಷ್ಟು ದೂರದಲ್ಲಿ ನಿಂತಿರುವುದನ್ನು ಕಂಡು ಕಣ್ಣು ತುಂಬಿ ಬಂದಿತು. ಆ ಲ್ಯಾಂಬೆತ್ ಭಾಗದವರು ನೂರಕ್ಕೆ 78ಕ್ಕೂ ಹೆಚ್ಚು ಮಂದಿ ಉಳಿಯಬೇಕೆಂದು ಮತ ಹಾಕಿದವರಂತೆ. ಮಗಳಿರುವ ಬರ್ಮಿಂಗ್‌ಹ್ಯಾಮಿನಲ್ಲಿ ಬಿಡಬೇಕೆಂದವರು ಐವತ್ತನ್ನು ಕೂದಲೆಳೆಯಷ್ಟು ದಾಟಿದ್ದರು.

ಮರುಮತದಾನ ಬೇಕೆಂದು ಕೇಳುವ ದೊಡ್ಡ ಮೆರವಣಿಗೆ ಅಂದೇ ಇತ್ತು. ಸುಮಾರು ಏಳು ಲಕ್ಷ ಜನ ಸೇರಿದ್ದರೆಂದು ಅದನ್ನು ನಡೆಸಿದವರು ಹೇಳಿದರು. ಹುಡುಗನ ಕೈಯಲ್ಲೂ ಒಂದು ಫಲಕವಿತ್ತು. ಪ್ರತಿಮೆಯ ಮುಂದೆ ನಿಂತೇ ನಾನು ಹಿರಿಯನ ಗತ್ತಿನಿಂದ ಬುದ್ಧಿ ಹೇಳಿದೆನು: "ಸೋತ ಮ್ಯಾಲ ಸೋಲು ಒಪ್ಪಿಕೋಬೇಕಪ್ಪಾ. ಅಕ್ಕನ ಕೂಡ ಮಾತಾಡು." ಅವನು ಸಿಟ್ಟಾಗಲಿಲ್ಲ. "ಒಪ್ಪಿಕೋಬೇಕಂತೀರಿ ಕಾಕಾ, ಏನನ್ನ ಒಪ್ಪಿಕೊಳ್ಳೂಣು? ಬಿಟ್ಟು ಹೋಗೂದಂದ್ರ ಏನಂತ ಇನ್ನೂ ಯಾರೂ ಹೇಳಿಲ್ಲಲ್ಲ" ಎಂದು ಹೇಳಿ ಸೇತುವೆಯ ಕಡೆಗೆ ನಡೆದುಬಿಟ್ಟನು. ಆಮೇಲೆ ಎಷ್ಟೋ ತಿಂಗಳು ಅವನ ಕರೆ ಬರಲಿಲ್ಲ.

ಅವನ ಪ್ರಶ್ನೆಗೆ ತೂಕವಿತ್ತೆಂದು ಮನೆಗೆ ಬಂದ ಮೇಲೆ ನನಗೆ ತಿಳಿಯಿತು. ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ದುಡಿಯಲು ಹೋಗುವ ಗೋವೆಯಲ್ಲಿ 1967ರ ಜನವರಿ 16ರಂದು ಇಂಥದೇ ಜನಾಭಿಪ್ರಾಯ ಪಡೆದಿದ್ದರು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೋ ಎಂಬುದು ಅಲ್ಲಿಯ ಪ್ರಶ್ನೆ. ಎರಡರಲ್ಲಿ ಯಾವುದು ಗೆದ್ದರೂ ಮರುದಿನ ಏನಾಗುತ್ತದೆಂಬುದು ಹೊಲಕ್ಕೆ ಹೋಗುವವನಿಗೂ ಗೊತ್ತಿತ್ತು. 1,72,191 ಮತಗಳು ವಿಲೀನಕ್ಕೆ ವಿರುದ್ಧವಾಗಿ, 1,38,170 ಮತಗಳು ಪರವಾಗಿ ಬಂದವು. ವಿಲೀನವಾದಿಯಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರರು ಮತದಾನ ನ್ಯಾಯವಾಗಿ ನಡೆಯಲೆಂದು ಮೊದಲೇ ಅಧಿಕಾರ ಬಿಟ್ಟಿದ್ದರು. ವಿಲೀನವನ್ನು ಒಲ್ಲೆನೆಂದ ಅದೇ ಜನ ಎರಡೇ ತಿಂಗಳಲ್ಲಿ ಅವರ ಪಕ್ಷವನ್ನೇ ಮತ್ತೆ ಗೆಲ್ಲಿಸಿದರು! ಹಾಗೆಂದು ಅಲ್ಲಿ ವಾದ ನಿಂತಿತೆಂದಲ್ಲ. ಕೊಂಕಣಿ-ಮರಾಠಿಗಳ ಜಗಳ 1987ರವರೆಗೂ ಹೊಗೆಯಾಡಿತು.

ಬ್ರಿಟನ್ನಿನಲ್ಲಾದರೋ ಉಳಿಯುವುದೆಂದರೆ ಏನೆಂದು ತಿಳಿದಿತ್ತು, ಬಿಡುವುದಕ್ಕೆ ಮಾತ್ರ ನೂರು ಅರ್ಥಗಳಿದ್ದವು. ಸರ್ಕಾರ ಮಾಡಿಕೊಂಡು ಬಂದ ಒಪ್ಪಂದವನ್ನು 2019ರ ಜನವರಿ 15ರಂದು ಅಲ್ಲಿಯ ಸಂಸತ್ತು 202ಕ್ಕೆ ವಿರುದ್ಧವಾಗಿ 432 ಮತಗಳಿಂದ ತಳ್ಳಿಹಾಕಿತು. ಉಳಿಯಬೇಕೆಂದವರೂ, ಇದು ಪೂರ್ತಿ ಬಿಟ್ಟಂತಾಗಲಿಲ್ಲವೆಂದವರೂ ಕೂಡಿಯೇ ತಳ್ಳಿದರು. ಶೂನ್ಯಸಂಪಾದನೆಯ ಪಾಠ ಹೇಳುತ್ತಾ ನಾನು ಮೂವತ್ತು ವರ್ಷ ಕಳೆದವನು. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಗೆ ಕೇಳುವ ಪ್ರಶ್ನೆಗಳು ಎದೆ ಸೀಳುವಂಥವು. ಆದರೆ ಒಂದೊಂದಕ್ಕೂ ಆ ತಾಯಿ ತನ್ನ ಬಾಯಿಂದಲೇ ಉತ್ತರ ಕೊಡುತ್ತಾಳೆ, ಸಭೆ ಕೇಳಿಸಿಕೊಳ್ಳುತ್ತದೆ. ಕೋಟಿಗಟ್ಟಲೆ ಜನರ ದೇಶವನ್ನು ಹಾಗೆ ನಡೆಸಲಾಗದು, ಎಣಿಕೆ ಬೇಕೇ ಬೇಕು. ಒಂದು ಮನೆಯೊಳಗಾದರೂ ಕೇಳಬಹುದಿತ್ತಲ್ಲ ಎಂಬುದು ನನ್ನ ನೋವು.

ಅದಕ್ಕಿಂತ ದೊಡ್ಡ ನೋವೆಂದರೆ, ಮಗಳ ಕಾರಣ ನನಗೆ ಗೊತ್ತಿತ್ತು. 2014ರಲ್ಲಿ, ಒಬ್ಬಂಟಿಯಾಗಿದ್ದ ನಮ್ಮ ವೈನಿಯವರನ್ನು ತನ್ನ ಬಳಿ ಇರಿಸಿಕೊಳ್ಳಲು ಅವಳು ಪ್ರಯತ್ನಿಸಿದ್ದಳು. ವೈದ್ಯರ ಪತ್ರ, ಆದಾಯದ ಪತ್ರ ಮೊದಲಾದ ಕಾಗದಗಳನ್ನೆಲ್ಲ ಇಲ್ಲಿ ಓಡಾಡಿ ಕೂಡಿಸಿದವನು ನಾನೇ. 2012ರಲ್ಲಿ ಬಿಗಿಯಾದ ಅಲ್ಲಿಯ ನಿಯಮದಂತೆ, ವೃದ್ಧ ತಾಯಿಗೆ ಬೇಕಾದ ಆರೈಕೆ ಹಣ ಕೊಟ್ಟರೂ ಸ್ವದೇಶದಲ್ಲಿ ಸಿಗದೆಂದು ಸಿದ್ಧಪಡಿಸಬೇಕಿತ್ತು. ಅರ್ಜಿ ತಿರಸ್ಕೃತವಾಯಿತು. ಅವಳ ನೆರೆಮನೆಯ ಐರೋಪ್ಯ ಹೆಣ್ಣುಮಗಳೊಬ್ಬಳ ತಾಯಿ ಮಾತ್ರ, ಒಕ್ಕೂಟದ ಕಾಯಿದೆಯ ಬಲದಿಂದ, ಬಂದು ನೆಲೆಸಿದಳು. ಎಲ್ಲರಿಗೂ ಒಂದೇ ಕಾಯಿದೆ ಬರಲೆಂದು ಇವಳು ಗುರುತು ಹಾಕಿದ್ದಳು. "ತಮ್ಮಗ ಹೇಳಬ್ಯಾಡ್ರಿ, ಮಗನ ಮನಿ ಬಿಟ್ಟು ಮಗಳ ಮನಿಗೆ ಹೊಂಟಿದ್ಲಂತ ನೊಂದಾನು" ಎಂದು ವೈನಿಯವರು ನನ್ನಿಂದಲೂ ಮಗಳಿಂದಲೂ ಮಾತು ತೆಗೆದುಕೊಂಡಿದ್ದರು. ಮಾತು ಉಳಿಸಿಕೊಂಡೆನೆಂಬ ಸಮಾಧಾನದಲ್ಲಿ ನಾನು, ಸೋಲು ಒಪ್ಪಿಕೊಳ್ಳೆಂದು ಆ ಹುಡುಗನಿಗೆ ಉಪದೇಶ ಮಾಡಿದೆನು.

ಪರದೇಶದವರನ್ನಷ್ಟೇ ಆಡಿಕೊಳ್ಳುವುದು ಸರಿಯಲ್ಲ. 2018ರ ಮಾರ್ಚ್ ತಿಂಗಳಲ್ಲಿ ಲಿಂಗಾಯತಕ್ಕೆ ಅಲ್ಪಸಂಖ್ಯಾತ ಧರ್ಮದ ಮಾನ್ಯತೆ ನೀಡಬೇಕೆಂದು ರಾಜ್ಯ ಸಚಿವ ಸಂಪುಟ ಶಿಫಾರಸು ಮಾಡಿದಾಗ ನಮ್ಮ ಮನೆಗಳಲ್ಲೇನಾಯಿತೆಂಬುದನ್ನು ಓದುಗರು ಬಲ್ಲರು. ಪಾಠಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಮಾಡಿದ ನನ್ನ ಸಹಪಾಠಿಯೊಬ್ಬರು ಇನ್ನೊಂದು ಪಕ್ಷದ ವೇದಿಕೆಯ ಮೇಲೆ ಕಾಣಿಸಿಕೊಂಡರು. ಯಾರೋ ಆಮಿಷ ತೋರಿಸಿರಬೇಕೆಂದು ನಾನು ನಾಲ್ಕು ಜನರ ಮುಂದೆ ಆಡಿದೆನು. ಅವರನ್ನೊಮ್ಮೆ ಕೇಳಬೇಕೆಂದು ನನಗೆ ತೋಚಲೇ ಇಲ್ಲ.

2019ರ ಸೆಪ್ಟೆಂಬರದಲ್ಲಿ, ಸಂಸತ್ತಿನ ಅಧಿವೇಶನ ಮೊಟಕುಗೊಳಿಸಿದ್ದು ಕಾನೂನಿಗೆ ವಿರುದ್ಧವೆಂದು ಲಂಡನ್ನಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟ ವಾರದಲ್ಲೇ ವೈನಿಯವರು ಲಿಂಗೈಕ್ಯರಾದರು. ಮಗನು ಕ್ರಿಯಾಸಮಾಧಿಗೆ ಹೇಗೋ ಬಂದು ಮುಟ್ಟಿದನು. ಮಗಳು ಬಂದದ್ದು ಮರುದಿನ. ತಾಯಿಯ ಮುಖ ಅವಳಿಗೆ ಸಿಗಲಿಲ್ಲ. ಗಣಾರಾಧನೆಯವರೆಗೂ ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದರು. ಆ ರಾತ್ರಿ ಪಡಸಾಲೆಯಲ್ಲಿ ಹುಡುಗನನ್ನು ಕೂಡಿಸಿಕೊಂಡು, ಅಲಮಾರಿಯಲ್ಲಿದ್ದ ಅರ್ಜಿಯ ಕಡತವನ್ನು ಅವನ ಮುಂದಿಟ್ಟೆನು. ಅವನು ಹಾಳೆಗಳನ್ನು ಒಂದೊಂದಾಗಿ ತಿರುವಿದನು. ಕೊನೆಗೆ, "ನಿಮಗ ಮೊದಲೇ ಗೊತ್ತಿತ್ತೇನ್ರಿ ಕಾಕಾ?" ಎಂದು ಕೇಳಿದನು. ಗೊತ್ತಿತ್ತೆಂದೆನು. ಕಡತವನ್ನು ಎತ್ತಿಕೊಂಡು ಅಕ್ಕನ ಕೋಣೆಗೆ ಹೋದನು. ಒಳಗೆ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಬೆಳಗಿನ ಜಾವದವರೆಗೂ ದೀಪ ಉರಿಯುತ್ತಿತ್ತು.

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು. ಮರುವರ್ಷದಿಂದ ಹೊಸ ಕಾಯಿದೆ ಬಂದು, ಒಕ್ಕೂಟದಿಂದ ಹೊಸದಾಗಿ ಬರುವವರಿಗೂ ನಮ್ಮವರಿಗಿದ್ದ ಬಿಗಿಯೇ ಆಯಿತು. ವೃದ್ಧ ತಂದೆತಾಯಿಗಳ ನಿಯಮ ಮಾತ್ರ ಸಡಿಲಾಗಲಿಲ್ಲ, ಏಕೆಂದರೆ ಅದು ಮೊದಲಿನಿಂದಲೂ ಬ್ರಿಟನ್ನಿನವರದೇ ನಿಯಮ. ಈ ಮಾತನ್ನು ತಮ್ಮ ಎತ್ತಿದಾಗಲೆಲ್ಲ ಅಕ್ಕ, ತನಗೆ ಅಂದು ಹೇಳಿದವರು ಬೇರೆಯೇ ಹೇಳಿದ್ದರೆನ್ನುತ್ತಾಳೆ. ಆದರೂ ತಾನು ಹಾಕಿದ ಗುರುತು ತಪ್ಪೆಂದು ಅವಳು ಒಪ್ಪುವುದಿಲ್ಲ. ಅವನೂ ಬಿಡುವುದಿಲ್ಲ. ರವಿವಾರ ಇಬ್ಬರೂ ಒಂದೇ ಕರೆಯಲ್ಲಿ ಸೇರಿ ನನ್ನನ್ನು ನಡುವೆ ಕೂಡಿಸಿಕೊಂಡು ವಾದಿಸುತ್ತಾರೆ. ನಾನು ಬುದ್ಧಿ ಹೇಳುವುದನ್ನು ಬಿಟ್ಟಿದ್ದೇನೆ. ಸಹಪಾಠಿಗಳ ಊರಿಗೆ ಹೋಗಬೇಕೆಂದು ಎರಡು ಸಲ ಹೊರಟು ಸಿಂದಗಿಯ ಬಸ್ ನಿಲ್ದಾಣದಿಂದ ತಿರುಗಿ ಬಂದಿದ್ದೇನೆ. ಈ ಶ್ರಾವಣದಲ್ಲಿ ಅಲ್ಲಿ ಪುರಾಣ ಹಚ್ಚುತ್ತಾರಂತೆ.