ಅಲೆಕ್ಸಾಂದ್ರ, ರೂಫರ ತಂದೆ

ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡೇ ಬಾಳು ಸವೆಸಿದವನು ನಾನು. ಅಚ್ಚುಕಟ್ಟಾದ ಹೇಳಿಕೆ ಕೇಳಿದೊಡನೆ, ಇದು ಯಾರೋ ಕಲಿಸಿದ್ದೆಂಬ ಗುಮಾನಿ ಹುಟ್ಟುತ್ತದೆ. ನಾಲ್ಕು ಸುವಾರ್ತೆಗಳಲ್ಲಿ ಮೊದಲನೆಯದೆಂದು ಬಹುಮಂದಿ ವಿದ್ವಾಂಸರು ಹೇಳುವ ಮಾರ್ಕನದನ್ನು ಓದಿದಾಗಲೂ ಹಾಗೇ ಆಯಿತು.

ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸು ಅವರ ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ರಕ್ತಸ್ರಾವದಿಂದ ನರಳುವ ಹೆಂಗಸೊಬ್ಬಳು ಆತನ ಉಡುಪನ್ನು ಮುಟ್ಟುತ್ತಾಳೆ. ಅವಳ ಕಥೆ ಮುಗಿಯುವವರೆಗೆ ಮೊದಲಿನ ಕಥೆ ಕಾಯಬೇಕು. ಅಷ್ಟರಲ್ಲಿ ಹುಡುಗಿ ತೀರಿಕೊಂಡ ಸುದ್ದಿ. ಹೆಂಗಸಿನ ಕಾಯಿಲೆಗೆ 12 ವರ್ಷ, ಹುಡುಗಿಯ ವಯಸ್ಸೂ 12! ಅಂಜೂರದ ಮರದ ಪ್ರಸಂಗವನ್ನೂ ಹೀಗೆಯೇ ಸೀಳಿ, ನಡುವೆ ದೇವಾಲಯದ ವ್ಯಾಪಾರಿಗಳನ್ನು ಹೊರಗಟ್ಟಿದ ಸಂಗತಿ ಇಟ್ಟಿದ್ದಾನೆ. ಪಳಗಿದ ಕಥೆಗಾರ, ಇವನಲ್ಲಿ ಸಾಕ್ಷ್ಯವೆಲ್ಲಿ ಬಂತು ಎಂದುಕೊಂಡೆ.

15ನೆಯ ಅಧ್ಯಾಯದಲ್ಲಿ ನಿಂತುಬಿಟ್ಟೆ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಕುರೇನೆಯ ಸೀಮೋನನನ್ನು ಸಿಪಾಯಿಗಳು ಹಿಡಿದು ಯೇಸುವಿನ ಶಿಲುಬೆ ಹೊರಿಸುತ್ತಾರೆ. ಅವನ ಮಕ್ಕಳಾದ ಅಲೆಕ್ಸಾಂದ್ರ, ರೂಫರ ಹೆಸರನ್ನೂ ಮಾರ್ಕ ಹೇಳುತ್ತಾನೆ. ಅವರು ಹಿಂದೆ ಬಂದವರಲ್ಲ, ಮುಂದೆ ಬರುವುದಿಲ್ಲ. ಕಥೆಗೆ ಅವರಿಂದ ಕಾಸಿನ ಪ್ರಯೋಜನವಿಲ್ಲ. ಮತ್ತಾಯ, ಲೂಕ ಇಬ್ಬರೂ ಸೀಮೋನನನ್ನು ಉಳಿಸಿಕೊಂಡು ಮಕ್ಕಳನ್ನು ಕೈಬಿಟ್ಟರು. ಮಾರ್ಕನ ಮೊದಲ ಓದುಗರಿಗೆ ಆ ಹುಡುಗರ ಗುರುತಿದ್ದಿರಬೇಕು. ಯಾವ ಸೀಮೋನನೆಂದರೆ, ಇಂಥವರ ಅಪ್ಪ ಎನ್ನುವುದು ನಮ್ಮಲ್ಲೂ ಉಂಟಲ್ಲ!

ಹಾಗೆಂದು, ಅಂದವಾಗಿ ಹೇಳಿದ ಹುಡುಗಿಯ ಕಥೆಯನ್ನು ತಳ್ಳಿಹಾಕಲೆ? ಹಿಂದೊಮ್ಮೆ ಮುದುಕಿಯೊಬ್ಬಳು ಮಗ ಸತ್ತ ದಿನದ ಸಂಗತಿಯನ್ನು, ಹಾಡು ಒಪ್ಪಿಸಿದಂತೆ, ಒಂದು ಮಾತೂ ತಪ್ಪದೆ ಹೇಳಿದಳು. ಕಲಿಸಿದ್ದೆಂದೇ ಎಣಿಸಿದೆ. ಎಷ್ಟು ರಾತ್ರಿ ತನಗೆ ತಾನೇ ಹೇಳಿಕೊಂಡಿದ್ದಳೋ, ಆಗ ನನಗೆ ಹೊಳೆಯಲಿಲ್ಲ.