ಅವ್ವನ ಬಸವನಪಾದ

ಕೆಲವು ಮರಗಳಿಗೆ ಎಲೆಗಿಂತ ಹೂವಿನದೇ ಅವಸರ. ಚಳಿ ಪೂರ್ತಿ ಕಳೆದಿರುವುದಿಲ್ಲ, ಕೊಂಬೆಗಳು ಬೋಳಾಗಿ ನಿಂತಿರುತ್ತವೆ, ಅಷ್ಟರಲ್ಲೇ ಮೈತುಂಬ ಹೂ. ಅಮೆರಿಕದಲ್ಲಿ ಓದುತ್ತಿರುವ ಗೆಳತಿಯೊಬ್ಬಳು ಅಂಥದೊಂದು ಮರದ ಫೋಟೊ ಕಳಿಸಿ, ‘ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳಿದ್ದಳು. ಅದು ರೆಡ್‌ಬಡ್. ಒಕ್ಲಹೋಮ 1937ರಲ್ಲಿ ತನ್ನ ರಾಜ್ಯವೃಕ್ಷವೆಂದು ಆರಿಸಿಕೊಂಡ ಮರ. ಹಲಸು ಕಾಂಡದ ಮೇಲೇ ಕಾಯಿ ಬಿಡುವ ಹಾಗೆ ಇದರ ಹಳೆಯ ಕೊಂಬೆ, ಕಾಂಡಗಳ ಮೇಲೇ ಗುಲಾಬಿ ಬಣ್ಣದ ಮೊಗ್ಗಿನ ಗೊಂಚಲು ಒಡೆಯುತ್ತದೆ.

ನಮ್ಮ ಸೀಮೆಯಲ್ಲಿ ಆ ಮರ ಇಲ್ಲ, ಹಾಗಾಗಿ ಹೆಸರೂ ಇಲ್ಲ. ಆದರೆ ಅದರ ದಾಯಾದಿ ನಮ್ಮ ಹಿತ್ತಲಲ್ಲೇ ಇದೆ. 2017ರಲ್ಲಿ ಸಸ್ಯವಿಜ್ಞಾನಿಗಳು ದ್ವಿದಳ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಹೊಸದಾಗಿ ವಿಂಗಡಿಸಿದಾಗ ರೆಡ್‌ಬಡ್ ಮತ್ತು ನಮ್ಮ ಮಂದಾರ ಒಂದೇ ಮನೆಗೆ ಸೇರಿದವು. ಎಲೆ ದನದ ಗೊರಸಿನ ಹಾಗೆ ಸೀಳಿರುವುದರಿಂದ ನಮ್ಮವರು ಇದನ್ನು ಬಸವನಪಾದ ಎನ್ನುತ್ತಾರೆ. ಸಂಸ್ಕೃತದಲ್ಲಿ ಕೋವಿದಾರ. ಅದೇ ಜೋಡಿ ಎಲೆ ಯುರೋಪಿನವರಿಗೆ ಬೌಹಿನ್ ಎಂಬ ಇಬ್ಬರು ಅಣ್ಣತಮ್ಮಂದಿರನ್ನು ನೆನಪಿಸಿತು. ವಿಜ್ಞಾನದಲ್ಲಿ ಅದು ಬೌಹಿನಿಯ ಆಯಿತು. ಅವರಿಗೆ ಗ್ರಂಥ ಬರೆದ ಪಂಡಿತರು ಕಂಡರು, ನಮಗೆ ಬಸವ ಕಂಡ. ಹಳಗನ್ನಡ ಕಾವ್ಯಗಳ ಗಿಡಮರಗಳ ಹೆಸರುಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ವ್ಯತ್ಯಾಸ ಬಹಳ ಇಷ್ಟ.

ಹೇಮಗಿರಿಯ ಪಕ್ಕದ ನಮ್ಮ ಮನೆಯಲ್ಲಿ ಆ ಮರವನ್ನು ನೆಟ್ಟವನು ಅಪ್ಪ. ರಥಸಪ್ತಮಿಯ ಸುಮಾರಿಗೆ ಬೆಟ್ಟದ ವೆಂಕಟರಮಣಸ್ವಾಮಿಯ ತೇರು, ದನಗಳ ಜಾತ್ರೆ ಸೇರುವ ಹೊತ್ತಿಗೆ ಅದು ಅರಳಲು ಶುರುಮಾಡುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಮರದೊಂದಿಗೆ ಮಾತಾಡುವುದನ್ನು ನಾನು ಕೇಳಿದ್ದೇನೆ. ‘ಈ ಸಲ ಯಾಕೋ ತಡ ಮಾಡ್ದೆ’ ಅನ್ನುವಂಥ ಮಾತುಗಳು. ಹೋದ ವರ್ಷ ಅದು ಹೂವನ್ನೇ ಬಿಡಲಿಲ್ಲ. ಚಿಗುರೆಲ್ಲ ಹಳದಿ, ದಕ್ಷಿಣದ ಎರಡು ಕೊಂಬೆ ತುದಿಯಿಂದ ಒಣಗುತ್ತ ಬಂದಿದ್ದವು. ಅಣ್ಣನಿಗೆ ಟ್ರ್ಯಾಕ್ಟರ್ ನಿಲ್ಲಿಸಲು ಶೀಟಿನ ಚಪ್ಪರ ಬೇಕಿತ್ತು. ‘ಒಣಗೋ ಮರಕ್ಕೆ ಎಷ್ಟು ದಿನ ಕಾಯ್ತೀರಿ? ಕಡಿದ್ರೆ ಜಾಗ ಆಯ್ತದೆ’ ಅಂದ. ಅವನದೂ ತಪ್ಪಲ್ಲ, ಮಳೆಗೆ ನೆನೆಯುತ್ತಿದ್ದುದು ಸಾಲದ ಟ್ರ್ಯಾಕ್ಟರ್. ಮುಂದಿನ ಜಾತ್ರೆಯವರೆಗೆ ಸಮಯ ಕೊಡು ಎಂದು ನಾನು ಕೇಳಿಕೊಂಡೆ. ಅವ್ವ ಏನೂ ಹೇಳಲಿಲ್ಲ, ಒಳಗೆ ಹೋದಳು.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. ಒಬ್ಬರು ನೀರು ಸಾಲದು ಅಂದರು, ಇನ್ನೊಬ್ಬರು ಯೂರಿಯಾ ಹಾಕಿ ಅಂದರು. ಮರವೇ ಬೇರೆ ಹೇಳುತ್ತಿತ್ತು. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಇಲ್ಲಿ ಹೊಸ ಎಲೆ ಹಳದಿ, ಅದರ ನರಗಳು ಮಾತ್ರ ಹಸಿರು. ಅದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಜೌಗು ಹಿಡಿದ, ಕ್ಷಾರ ಹೆಚ್ಚಿದ ನೆಲದಲ್ಲಿ ಬೇರಿಗೆ ಅದು ದಕ್ಕುವುದಿಲ್ಲ. ಹೇಮಾವತಿಯ ಅಣೆಕಟ್ಟೆ, ನಾಲೆಗಳ ಕೆಳಗಿನ ಊರುಗಳವರಿಗೆ ಜೌಗು, ಚೌಳು ಎಂಬ ಪದಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಸೋಪಿನ ಬಚ್ಚಲು ನೀರು ನೇರವಾಗಿ ಮರದ ಬುಡಕ್ಕೇ ಹರಿಯುತ್ತಿತ್ತು. ಬುಡದ ಸುತ್ತ ಕಟ್ಟಿದ್ದ ಸಿಮೆಂಟಿನ ಕಟ್ಟೆ ಆ ನೀರನ್ನು ಹೊರಹೋಗಲು ಬಿಡುತ್ತಿರಲಿಲ್ಲ.

ಪಕ್ಕದ ಗದ್ದೆಯ ಮಾವನಿಗೆ ಇದನ್ನು ಹೇಳಿದೆ. ಅವರು ನಕ್ಕರು. ‘ಭತ್ತ ಬುಟ್ರೆ ನೀರಲ್ಲಿ ನಿಂತು ಬದುಕೋದು ಯಾವ್ದವ್ವ? ಬೇರ್ಗೂ ಉಸ್ರು ಬೇಕು ಕಣ್ಮಗ’ ಅಂದರು. ಮರುದಿನ ಹಾರೆ ಹಿಡಿದುಕೊಂಡು ಅವರೇ ಬಂದರು.

ಕಟ್ಟೆ ಒಡೆದೆವು. ಬಚ್ಚಲು ನೀರನ್ನು ತೆಂಗಿನ ಕಡೆಗೆ ತಿರುಗಿಸಿ, ಮರದ ಕೆಳಬದಿಗೆ ಬಸಿಗಾಲುವೆ ತೋಡಿದೆವು. ಕಾಂಡಕ್ಕೆ ತಾಗದಂತೆ, ಕೊಂಬೆಗಳ ನೆರಳು ಬೀಳುವಷ್ಟಗಲಕ್ಕೆ ಕೊಟ್ಟಿಗೆ ಗೊಬ್ಬರ, ತರಗು ಹರಡಿದೆವು. ಈ ಮರ ದ್ವಿದಳದ್ದಾದರೂ ಅವರೆ, ಹುರುಳಿಯ ಹಾಗೆ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಕೂಡಿಡುವುದಿಲ್ಲ. ರೆಡ್‌ಬಡ್ ಕೂಡ ಹಾಗೆಯೇ. ಗೊಬ್ಬರ ಕೊಡಲೇಬೇಕು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಿದೆವು. ಅದು ತಾತ್ಕಾಲಿಕ ಟಾನಿಕ್ ಅಷ್ಟೆ, ನಿಜವಾದ ಔಷಧ ಬಸಿಗಾಲುವೆಯೇ. ಒಣಗಿದ ಕೊಂಬೆಗಳ ತೊಗಟೆಯನ್ನು ಉಗುರಿನಿಂದ ಕೆರೆಯುತ್ತ ಹೋದೆ. ಒಳಗೆ ಹಸಿರು ಕಂಡಲ್ಲಿಗೆ ನಿಲ್ಲಿಸಿ, ಅಲ್ಲಿಗೆ ಸರಿಯಾಗಿ ಕತ್ತರಿಸಿದೆವು. ಸತ್ತ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಜೀವವಿರುವುದನ್ನು ಸವರಬೇಕಾದರೆ ಹೂ ಮುಗಿದ ಮೇಲೆಯೇ. ಮೊದಲೇ ಸವರಿದರೆ ಆ ವರ್ಷದ ಹೂ ಹೋಗುತ್ತದೆ.

ಗೆಳತಿಗೆ ಇದನ್ನೆಲ್ಲ ಬರೆದೆ. ಅಲ್ಲಿಯ ರೆಡ್‌ಬಡ್‌ಗೂ ಬುಡದಲ್ಲಿ ನೀರು ನಿಂತರೆ ಆಗದು. ಬೆಳೆದ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಹಿಡಿಯುವುದು ಕಷ್ಟ. ಮಣ್ಣಿನಿಂದ ಹತ್ತುವ ವರ್ಟಿಸಿಲಿಯಂ ಎಂಬ ಶಿಲೀಂಧ್ರ ಅದಕ್ಕೆ ದೊಡ್ಡ ಶತ್ರು. ಒಳಹೊಕ್ಕ ಮೇಲೆ ಮದ್ದಿಲ್ಲ. ಎಷ್ಟೇ ಆರೈಕೆ ಮಾಡಿದರೂ ಬಹಳಷ್ಟು ಮರಗಳಿಗೆ ಇಪ್ಪತ್ತು ಮೂವತ್ತು ವರ್ಷದ ಆಯುಸ್ಸು. ‘ಹಾಗಾದರೆ ಇಷ್ಟೆಲ್ಲ ಯಾಕೆ?’ ಎಂದು ಅವಳು ಕೇಳಿದಳು. ಅವಳಿಗೆ ಉತ್ತರ ಬರೆಯಲು ಕೂತಾಗ ನನಗೆ ಹೊಳೆದದ್ದು ಇಷ್ಟು: ಅವ್ವ ಅಪ್ಪನನ್ನು ನೋಡಿಕೊಂಡ ಕೊನೆಯ ಎರಡು ವರ್ಷವೂ ಗುಣವಾಗುವ ಭರವಸೆಯ ಮೇಲೆ ನಡೆದದ್ದಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಮಾತ್ರೆ, ಮಗ್ಗುಲು ಬದಲಿಸುವುದು. ಆರೈಕೆ ಅಂದರೆ ಅವಳಿಗೆ ಇಂದಿನ ಕೆಲಸ.

ಈ ಸಲದ ಜಾತ್ರೆಗೆ ಮರ ಅರ್ಧ ಅರಳಿತು. ದಕ್ಷಿಣದ ಕಡೆ ಬರಿದು, ಉತ್ತರದ ಕೊಂಬೆಗಳಲ್ಲಿ ನೇರಳೆಗೆಂಪು ಹೂ. ಒಂದು ಹೂ ಬಿಡಿಸಿ ಕೇಸರ ಎಣಿಸಿದೆ, ಐದು. ಮೂರಿದ್ದರೆ ಅದು ಮಳೆಗಾಲದ ಕೊನೆಗೆ ಅರಳುವ ಇನ್ನೊಂದು ಜಾತಿ. ಅಣ್ಣ ಮರವನ್ನೊಮ್ಮೆ ನೋಡಿ, ಚಪ್ಪರದ ಕಂಬಗಳಿಗೆ ಕೊಟ್ಟಿಗೆಯ ಆಚೆ ಗುಂಡಿ ತೋಡಿಸಿದ. ಅಲ್ಲಿ ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟವೆಂದು ಈಗಲೂ ಗೊಣಗುತ್ತಾನೆ.

ಬೇಸಗೆಯ ಮಧ್ಯಾಹ್ನ ಕಾಯಿಗಳು ಚಟಚಟನೆ ಸಿಡಿದವು. ಅವ್ವ ಬೀಜಗಳನ್ನು ಆಯ್ದು, ಸೆರಗಿನಲ್ಲಿ ತಂದು, ಹಾಲಿನ ಕವರುಗಳಲ್ಲಿ ಊರಿದ್ದಾಳೆ. ಏಳು ಸಸಿ ಎದ್ದಿವೆ. ಎರಡು ನಮಗೆ, ಬಚ್ಚಲಿನಿಂದ ದೂರಕ್ಕೆ. ಉಳಿದವನ್ನು ಕೇಳಿದವರಿಗೆ ಕೊಡುತ್ತಾಳಂತೆ, ‘ಬುಡಕ್ಕೆ ಸಿಮೆಂಟ್ ಹಾಕಲ್ಲ ಅಂದ್ರೆ ಮಾತ್ರ.’